ನಕ್ಷೆಯಲ್ಲಿದ್ದ ಬೀದಿಬಾಗಿಲು

ಮಧುಗಿರಿ
೯ ಜನವರಿ ೧೯೩೭

ತೀರ್ಥರೂಪ ಸಮಾನಳಾದ ಅಕ್ಕ ಚನ್ನಮಲ್ಲಮ್ಮನವರಿಗೆ ತಮ್ಮ ಪರ್ವತಯ್ಯನ ನಮಸ್ಕಾರಗಳು.

ಮನೆ ಕಟ್ಟಲು ಮುನಿಸಿಪಾಲಿಟಿಯ ಲೈಸೆನ್ಸು ಬಂತು. ನಾಲ್ಕು ತಿಂಗಳು ಆಫೀಸಿನ ಮೆಟ್ಟಿಲು ಸವೆಸಿದ ಮೇಲೆ ನಿನ್ನೆ ಕೈಗೆ ಸಿಕ್ಕಿತು. ಓವರ್ಸಿಯರು ನಕ್ಷೆಗೆ ಮೊಹರು ಒತ್ತಿ, "ಇದ್ರಾಗೆ ಇರೋ ಹಂಗೇ ಕಟ್ಬೇಕು ಯಜಮಾನ್ರೇ. ಒಂದು ಬಾಗ್ಲು ಆಚೀಚೆ ಆದ್ರೂ ಮತ್ತೆ ನನ್ ತಾವ ಬರ್ಬೇಕಾಯ್ತದೆ, ಇಬ್ರ ಸಹೀನೂ ತರ್ಬೇಕಾಯ್ತದೆ" ಎಂದು ಎಚ್ಚರಿಸಿಯೇ ಕೊಟ್ಟರು. ನಿವೇಶನ ನಮ್ಮಿಬ್ಬರ ಹೆಸರಿನಲ್ಲಿರುವುದರಿಂದ ಲೈಸೆನ್ಸೂ ಇಬ್ಬರ ಹೆಸರಿಗೇ ಇದೆ. ನಕ್ಷೆಯ ಒಂದು ಪ್ರತಿಯನ್ನು ಇದರ ಜೊತೆ ಕಳಿಸಿದ್ದೇನೆ.

ಹಳೆಯ ಮನೆಯನ್ನು ಕೆಡವಿಯಾಯಿತು. ಕಂಬದ ಕಲ್ಲುಗಳನ್ನು ಪಾಲಪ್ಪ ಮೇಸ್ತ್ರಿ ಹುಷಾರಾಗಿ ಎತ್ತಿಡಿಸಿದ್ದಾನೆ. ನಾವು ಸದ್ಯಕ್ಕೆ ನಮ್ಮ ಹುಣಸೆಹಣ್ಣಿನ ಮಂಡಿಯ ಹಿಂದಿನ ಎರಡು ಕೋಣೆಗಳಲ್ಲಿದ್ದೇವೆ. ಎಲ್ಲರಿಗೂ ಮೈಯೆಲ್ಲ ಹುಳಿ ವಾಸನೆ.

ಇನ್ನೊಂದು ಮಾತು. ಕೆಲಸದ ನಡುವೆ ಓವರ್ಸಿಯರು ಏನಾದರೂ ಸಣ್ಣಪುಟ್ಟ ವಿವರಣೆ ಕೇಳಿದರೆ ಪ್ರತಿ ಸಲವೂ ಪಾವಗಡಕ್ಕೆ ಕಾಗದ ಓಡಾಡಿಸುವುದು ಕಷ್ಟ. ಒಂದು ಬಿಳಿ ಹಾಳೆಯ ಕೆಳಗೆ ನಿನ್ನ ಸಹಿ ಹಾಕಿ ಕಳಿಸು. ಬೇಕಾದರೆ ಉಪಯೋಗಕ್ಕೆ ಬರುತ್ತದೆ, ಇಲ್ಲದಿದ್ದರೆ ನನ್ನ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ.

ಮಗಳು ಸರ್ವಮಂಗಳಾಳಿಗೆ ಗಂಡು ನೋಡುತ್ತಿದ್ದೇವೆ. ಶಿರಾದ ಕಡೆಯಿಂದ ಒಂದು ಮಾತು ಬಂದಿದೆ. ನನ್ನ ಮನೆಯವಳು ಬಸವಮ್ಮ ನಿನ್ನ ಮಂಡಿನೋವು ಹೇಗಿದೆ ಎಂದು ಕೇಳಿದ್ದಾಳೆ.

ನಿನ್ನ ತಮ್ಮ
ಪರ್ವತಯ್ಯ


ಪಾವಗಡ
೧೪ ಜನವರಿ ೧೯೩೭

ಚಿರಂಜೀವಿ ಪರ್ವತನಿಗೆ ಅಕ್ಕನ ಆಶೀರ್ವಾದ.

ನಕ್ಷೆ ತಲುಪಿತು. ಶಾಲೆಯ ಮೇಜಿನ ಮೇಲೆ ಹರಡಿ, ಸುರುಳಿ ಸುತ್ತದ ಹಾಗೆ ನಾಲ್ಕು ಮೂಲೆಗೂ ನಾಲ್ಕು ಸ್ಲೇಟು ಇಟ್ಟು ನೋಡಿದೆ. ಮೊದಲು ಹುಡುಕಿದ್ದು ನನ್ನ ಕೋಣೆಯನ್ನು. ಮುಂಭಾಗದ ಎಡಗಡೆ, ಹನ್ನೆರಡು ಅಡಿಗೆ ಹತ್ತು. ಅದಕ್ಕೆ ಎರಡು ಬಾಗಿಲು. ಒಂದು ನಿಮ್ಮ ಹಜಾರಕ್ಕೆ, ಇನ್ನೊಂದು ನೇರವಾಗಿ ಪೇಟೆ ಬೀದಿಗೆ. ಆ ಬೀದಿಬಾಗಿಲಿನ ಗೆರೆಯ ಮೇಲೆ ಬೆರಳಿಟ್ಟುಕೊಂಡು ಕೂತುಬಿಟ್ಟೆ. ಗಂಟೆ ಹೊಡೆಯುವುದನ್ನೂ ಮರೆತೆ. ಮಕ್ಕಳಿಗೆ ಹಬ್ಬವಾಯಿತು.

ನಿನಗೆ ಇದು ಹುಚ್ಚು ಎನಿಸಬಹುದು. ಹದಿನಾರು ತುಂಬುವ ಮೊದಲೇ ಗಂಡನನ್ನು ಪ್ಲೇಗಿಗೆ ಕೊಟ್ಟು ಬಂದವಳು ನಾನು. ಆಗಿನಿಂದ ಈಗಿನವರೆಗೆ ಹೊಕ್ಕು ಹೊರಟ ಬಾಗಿಲುಗಳೆಲ್ಲ ಬೇರೆಯವರವು. ಈಗಿರುವ ಮನೆಯೂ ಸರ್ಕಾರದ್ದು. ಅಪ್ಪ ಇದನ್ನೆಲ್ಲ ಕಂಡೇ ಸಾಯುವ ಮುಂಚೆ ನಿವೇಶನವನ್ನು ಇಬ್ಬರ ಹೆಸರಿಗೂ ಬರೆದರು. ಜೂನ್ ತಿಂಗಳಿಗೆ ನನಗೆ ಪೆನ್ಷನ್ ಆಗುತ್ತದೆ. ಬಂದು ಆ ಕೋಣೆಯಲ್ಲಿರುತ್ತೇನೆ. ನಾಲ್ಕು ಹೆಣ್ಣುಮಕ್ಕಳು ಪಾಠಕ್ಕೆ ಬಂದರೆ ಬಸವಮ್ಮನ ಹಜಾರ ತುಳಿದುಕೊಂಡು ಬರಬೇಕಾಗಿಲ್ಲ. ಬೀದಿಬಾಗಿಲಿಗೆ ನಾನು ಹಟ ಹಿಡಿದದ್ದು ಅದಕ್ಕೇ.

ಬಿಳಿ ಹಾಳೆಗೆ ಸಹಿ ಹಾಕಿದ್ದೇನೆ. ಮೂವತ್ತೊಂದು ವರ್ಷದಿಂದ ಹುಡುಗಿಯರಿಗೆ "ಓದದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ, ಕಟ್ಟಿಕೊಂಡ ಗಂಡ ಕೇಳಿದರೂ ಒತ್ತಬೇಡಿ" ಎಂದು ಗಂಟಲು ಹರಿದುಕೊಂಡವಳು ನಾನು. ನಿನ್ನ ಮೂಗು ಒರೆಸಿ ಬೆಳೆಸಿದವಳೂ ನಾನೇ ಆದ್ದರಿಂದ ನಿನಗೆ ಮಾತ್ರ ಈ ರಿಯಾಯಿತಿ.

ಶಿರಾದ ಹುಡುಗನ ಜಮೀನು ಆಮೇಲೆ ವಿಚಾರಿಸು. ನಾಲ್ಕು ಸಾಲು ತಪ್ಪಿಲ್ಲದೆ ಬರೆಯುತ್ತಾನೆಯೇ, ಅದನ್ನು ಮೊದಲು ನೋಡು.

ಅಕ್ಕ
ಚನ್ನಮಲ್ಲಮ್ಮ


ಮಧುಗಿರಿ
೨೬ ಫೆಬ್ರವರಿ ೧೯೩೭

ತೀರ್ಥರೂಪ ಸಮಾನಳಾದ ಅಕ್ಕನಿಗೆ ನಮಸ್ಕಾರಗಳು.

ಕಾಗದ ಬರೆಯಲು ತಡವಾಯಿತು. ಬೆಳಗಾದರೆ ಕಲ್ಲಿನವರು, ಮಧ್ಯಾಹ್ನವಾದರೆ ಸುಣ್ಣದವರು. ಪಾಯ ತೋಡುವಾಗ ಮೂರು ಅಡಿಗೇ ಬಂಡೆ ಸಿಕ್ಕಿತು. ಬೆಟ್ಟದ ಬೇರು ನಮ್ಮ ಅಡುಗೆಮನೆಯ ಕೆಳಗೂ ಬಂದಿದೆ ಎಂದು ಪಾಲಪ್ಪ ನಗುತ್ತಾನೆ. ಒಳ್ಳೆಯದೇ ಆಯಿತು, ಪಾಯ ಕುಸಿಯುವ ಭಯವಿಲ್ಲ. ಗೋಡೆಗಳು ಸೊಂಟದ ಮಟ್ಟ ದಾಟಿವೆ. ಹೋದ ಸೋಮವಾರ ತಲೆಬಾಗಿಲು ನಿಲ್ಲಿಸಿ ಪೂಜೆ ಮಾಡಿದೆವು. ಹೊನ್ನೆ ಮರದ ಚೌಕಟ್ಟು. ನೋಡಿದವರೆಲ್ಲ ಮೆಚ್ಚಿದರು.

ಶಿರಾದ ಮಾತು ಮುಂದುವರಿದಿದೆ. ಹುಡುಗನ ತಂದೆ ರೇಣುಕಯ್ಯನವರು ಕಡಲೆಕಾಯಿ ವ್ಯಾಪಾರದ ದೊಡ್ಡ ಕುಳ. ನಾವು ತಲೆಯೆತ್ತಿ ನೋಡುವ ಮನೆತನ. ವ್ಯಾಪಾರಕ್ಕೆ ಪಾವಗಡದ ಕಡೆಗೂ ಬರುತ್ತಾರೆ. ನಮ್ಮ ಹುಡುಗಿಯ ಸೋದರತ್ತೆ ಅಲ್ಲಿದ್ದಾಳೆಂದು ನಿನ್ನ ಮನೆಯ ಮುಂದೆಯೂ ಹಾದು ಹೋದರಂತೆ.

ನೀನು ಅಲ್ಲಿ ಒಬ್ಬಳೇ ಇದ್ದೀಯಲ್ಲವೇ? ಮನೆಗೆಲಸಕ್ಕೆ ಯಾರನ್ನಾದರೂ ಇಟ್ಟುಕೊಂಡಿದ್ದೀಯಾ? ಸುಮ್ಮನೆ ಕೇಳಿದೆ.

ಪರ್ವತಯ್ಯ


ಪಾವಗಡ
೩ ಮಾರ್ಚ್ ೧೯೩೭

ಪರ್ವತನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಬಂಡೆಯ ವಿಷಯವಿದೆ, ಸುಣ್ಣದ ವಿಷಯವಿದೆ, ಹೊನ್ನೆ ಮರವೂ ಇದೆ. ನನ್ನ ಕೋಣೆಯ ಬಗ್ಗೆ ಒಂದು ಅಕ್ಷರವಿಲ್ಲ. ನನ್ನ ಶಾಲೆಯ ಹುಡುಗಿಯರು ಪ್ರಶ್ನೆಪತ್ರಿಕೆಯಲ್ಲಿ ಗೊತ್ತಿಲ್ಲದ ಪ್ರಶ್ನೆಯನ್ನು ಬಿಟ್ಟು ಉಳಿದದ್ದನ್ನು ಹೀಗೇ ಉದ್ದುದ್ದ ಬರೆಯುತ್ತಾರೆ.

ಬಾಗಿಲು ನಿಲ್ಲಿಸುವ ದಿನ ಮನೆಮಗಳನ್ನು ಕರೆಯುವುದು ನಮ್ಮಲ್ಲಿ ಎಂದಿನಿಂದಲೂ ನಡೆದುಬಂದದ್ದು. ನನ್ನನ್ನು ಯಾಕೆ ಕರೆಯಲಿಲ್ಲ? ವಿಧವೆ ಎಂದು ಬಿಟ್ಟೆಯಾ? ಹಾಗಿದ್ದರೆ ಹಾಗೆಂದು ಬರೆ, ಬೈದು ಸುಮ್ಮನಾಗುತ್ತೇನೆ. ಇನ್ನೊಂದು ನೇರವಾದ ಪ್ರಶ್ನೆ. ಆ ದಿನ ನಿಲ್ಲಿಸಿದ ಚೌಕಟ್ಟು ಒಂದೋ, ಎರಡೋ? ನಕ್ಷೆಯಲ್ಲಿ ಬೀದಿಗೆ ಎರಡು ಬಾಗಿಲಿವೆ.

ನಾನು ಒಬ್ಬಳೇ ಇದ್ದೇನೋ ಇಬ್ಬರಿದ್ದೇವೋ ಎಂಬುದನ್ನು ಕಟ್ಟಿಕೊಂಡು ನಿಮ್ಮ ರೇಣುಕಯ್ಯನವರಿಗೆ ಏನಾಗಬೇಕು? ಕಡಲೆಕಾಯಿ ಕೊಳ್ಳಲು ಬಂದವರು ಕಡಲೆಕಾಯಿ ಕೊಂಡು ಹೋಗಲಿ.

ಚನ್ನಮಲ್ಲಮ್ಮ


ಮಧುಗಿರಿ
೨೦ ಮಾರ್ಚ್ ೧೯೩೭

ಅಕ್ಕನಿಗೆ ನಮಸ್ಕಾರ.

ನಿನ್ನ ಕೋಪ ನನಗೆ ಹೊಸದಲ್ಲ. ವಿಷಯ ಇಷ್ಟೇ. ಬಾಗಿಲು ನಿಲ್ಲಿಸುವ ಮುಂಚೆ ಜೋಯಿಸರನ್ನು ಕರೆಸಿ ಆಯ ನೋಡಿಸಿದೆ. ಮನೆಯ ಒಂದೇ ಮುಖಕ್ಕೆ ಎರಡು ಬಾಗಿಲಿದ್ದರೆ ಯಜಮಾನನಿಗೆ ಕೇಡು, ಮನೆ ಇಬ್ಭಾಗವಾಗುತ್ತದೆ ಎಂದರು. ಆದ್ದರಿಂದ ನಿನ್ನ ಬಾಗಿಲಿನ ಕೆಲಸವನ್ನು ಸದ್ಯಕ್ಕೆ ತಡೆದಿದ್ದೇನೆ. ಜಾಗ ಹಾಗೇ ಖಾಲಿ ಇದೆ. ಪರಿಹಾರ ಏನಾದರೂ ಇದೆಯೇ ಎಂದು ಕೇಳಿ ಮುಂದುವರಿಯೋಣ. ನೀನು ತಲೆ ಕೆಡಿಸಿಕೊಳ್ಳಬೇಡ.

ಮಾವು ಈ ಸಲ ಚೆನ್ನಾಗಿ ಹೂ ಬಿಟ್ಟಿದೆ.

ಪರ್ವತಯ್ಯ


ಪಾವಗಡ
೧೬ ಏಪ್ರಿಲ್ ೧೯೩೭

ಪರ್ವತಯ್ಯನಿಗೆ,

ಯುಗಾದಿಗೆ ಪಾಲಪ್ಪ ಮೇಸ್ತ್ರಿ ಕ್ಯಾತಗಾನಚೆರ್ಲುವಿನ ತನ್ನ ತಂಗಿಯ ಮನೆಗೆ ಬಂದಿದ್ದ. ಹೋಗುವಾಗ ನನ್ನನ್ನೂ ಮಾತಾಡಿಸಿಕೊಂಡು ಹೋಗೋಣವೆಂದು ಬಂದ. ಬೇವುಬೆಲ್ಲ ಕೊಟ್ಟು, "ನನ್ನ ಬಾಗಿಲಿನ ಜಾಗ ಇನ್ನೂ ಖಾಲಿ ಇದೆಯೇನಪ್ಪ?" ಎಂದು ಕೇಳಿದೆ. ಅವನು ಬೆಪ್ಪಾಗಿ ನನ್ನ ಮುಖ ನೋಡಿದ.

"ಖಾಲಿ ಎಲ್ಲೈತೆ ಅಮ್ಮಾರೇ? ಗ್ವಾಡೆ ಎದ್ದು ತಿಂಗ್ಳಾಯ್ತು. ಆ ಬಾಗ್ಲು ಬ್ಯಾಡ ಅಂದ್ಬುಟ್ರು ಕಣಮ್ಮ ಯಜಮಾನ್ರು. ನಿಮ್ಮ ಕ್ವಾಣೇಗೆ ಹುಣಸೇಹಣ್ಣು ತುಂಬ್ತಾರಂತೆ. ನಿಮ್ಗೆ ಹಿತ್ಲಾಗೆ ಕೊಟ್ಟಿಗೆ ಪಕ್ಕ ಒಂದು ಕ್ವಾಣೆ ಹಾಕವ್ರೆ. ನಿಮ್ಗೆ ಗೊತ್ತಿಲ್ವಾ?"

ನನಗೆ ಗೊತ್ತಿಲ್ಲ ಎಂದು ಮೇಸ್ತ್ರಿಯ ಮುಂದೆ ಹೇಳಬೇಕಾಯಿತು. ಆ ನಾಚಿಕೆಯಲ್ಲಿ ನನ್ನ ಕಿವಿಯೆಲ್ಲ ಬಿಸಿಯಾಯಿತು. ನೀನು ಖಾಲಿ ಇದೆ ಎಂದು ಬರೆದ ದಿನ ಅಲ್ಲಿ ಗೋಡೆ ಎದ್ದಿತ್ತು. ಸುಳ್ಳು ಬರೆದು, ಅದರ ಬೆನ್ನಿಗೆ ಮಾವಿನ ಹೂವಿನ ಸುದ್ದಿ ಬರೆದೆಯಲ್ಲ!

ಜೋಯಿಸರ ಮಾತಂತೆ! ಅದೇ ಪೇಟೆ ಬೀದಿಯಲ್ಲಿ ಒಂದೇ ಮುಖಕ್ಕೆ ಎರಡು, ಮೂರು ಬಾಗಿಲಿರುವ ಅಂಗಡಿಮನೆಗಳು ಎಷ್ಟಿವೆ ಎಂದು ಇಲ್ಲಿ ಕೂತೇ ಎಣಿಸಬಲ್ಲೆ. ಆ ಯಜಮಾನರೆಲ್ಲ ಗುಂಡುಕಲ್ಲಿನ ಹಾಗಿದ್ದಾರೆ. ಕೇಡು ಬರುವುದು ನಿನಗೊಬ್ಬನಿಗೇನು?

ಇದು ಯಾರ ಕೆಲಸವೆಂದು ನನಗೆ ಗೊತ್ತು. ಬಸವಮ್ಮನಿಗೆ ನನ್ನ ಮಂಡಿನೋವಿನ ಮೇಲೆ ಅಷ್ಟು ಕಾಳಜಿ ಯಾಕೆ ಹುಟ್ಟಿತೆಂದು ಈಗ ತಿಳಿಯಿತು. ನಾದಿನಿ ಕೊಟ್ಟಿಗೆಯ ಪಕ್ಕದಲ್ಲಿದ್ದರೆ ಹಾಲು ಕರೆಯಲು ಒಂದು ಆಳು ಉಳಿಯುತ್ತದೆ. ಅಡುಗೆಮನೆ ಹಾಯ್ದೇ ಓಡಾಡಿದರೆ ಯಾರು ಬಂದರು, ಯಾರು ಹೋದರು ಎಂದು ಕಣ್ಣಿಡಬಹುದು. ಹೆಂಡತಿಯ ಮಾತಿಗೆ ಗೋಣು ಆಡಿಸಿ ಒಡಹುಟ್ಟಿದವಳ ಬಾಗಿಲು ಮುಚ್ಚಿದೆಯಲ್ಲ, ನೀನೂ ಒಬ್ಬ ಗಂಡಸೇ?

ಮುನಿಸಿಪಾಲಿಟಿಯವರು ಒಪ್ಪಿದ ನಕ್ಷೆಯಲ್ಲಿ ಆ ಬಾಗಿಲಿದೆ. ನನ್ನ ಒಪ್ಪಿಗೆಯಿಲ್ಲದೆ ಅದನ್ನು ಬದಲಿಸಲು ನಿನಗೆ ಅಧಿಕಾರವಿಲ್ಲ. ಗೋಡೆ ಒಡೆಸು.

ಚನ್ನಮಲ್ಲಮ್ಮ


ಮಧುಗಿರಿ
೨೨ ಏಪ್ರಿಲ್ ೧೯೩೭

ಅಕ್ಕನಿಗೆ,

ನನ್ನನ್ನು ಬೈಯಿ, ಬೈಸಿಕೊಂಡು ಬೆಳೆದವನು. ಬಸವಮ್ಮನ ಮೇಲೆ ಬರೆದದ್ದನ್ನು ಮಾತ್ರ ಓದಿ ನನಗೆ ಮೈ ಉರಿಯಿತು. ಆ ಗೋಡೆ ಏಳುವ ದಿನ ಅವಳು ಪಾಲಪ್ಪನ ಕೈಯಿಂದ ಕರಣೆ ಕಿತ್ತುಕೊಂಡು, "ಅಕ್ಕಯ್ಯನ್ ಬಾಗ್ಲು ಮುಚ್ಚೋದಾದ್ರೆ ಮೊದ್ಲು ನನ್ನ ಇದ್ರಾಗಿಟ್ಟು ಕಟ್ಬುಡ್ರಿ" ಎಂದು ಸುಣ್ಣದ ಗುಂಡಿಯ ಪಕ್ಕದಲ್ಲೇ ಕೂತಿದ್ದಳು. ಎಬ್ಬಿಸಲು ನನಗೆ ಅರ್ಧ ದಿನ ಬೇಕಾಯಿತು. ಅವಳಿಗೆ ಓದಲು ಬರುವುದಿಲ್ಲ, ನಿನ್ನ ಕಾಗದದಲ್ಲಿ ಏನಿದೆ ಎಂದು ಕೇಳಿದಳು. ಆಶೀರ್ವಾದ ಬರೆದಿದ್ದಾಳೆ ಎಂದೆ. ಸುಳ್ಳು ಹೇಳುವುದು ನನಗೆ ಈಗ ಅಭ್ಯಾಸವಾಗಿದೆ ಎಂದು ನೀನೇ ಬರೆದಿದ್ದೀಯಲ್ಲ.

ಇನ್ನು ನಾನು ಕೇಳುತ್ತೇನೆ, ನೀನು ಹೇಳು. ಮುದ್ದಕ್ಕ ಯಾರು?

ರೇಣುಕಯ್ಯನವರು ಸುಮ್ಮನೆ ನಿನ್ನ ಮನೆಯ ಮುಂದೆ ಹಾದುಹೋಗಲಿಲ್ಲ. ವಿಚಾರಿಸಿಕೊಂಡು ಹೋದರು. ಕಲ್ಲು ಒಡೆಯುವವರ ಕೇರಿಯ ಹುಡುಗಿ ನಿನ್ನ ಅಡುಗೆಮನೆಯಲ್ಲಿ ಒಲೆ ಹಚ್ಚುತ್ತಾಳೆ, ನಿನ್ನ ಪಕ್ಕದಲ್ಲಿ ಕೂತು ಉಣ್ಣುತ್ತಾಳೆ, ನಿನ್ನನ್ನು ಅಮ್ಮ ಎನ್ನುತ್ತಾಳೆ. ಆರು ವರ್ಷದಿಂದ! ಊರವರಿಗೆಲ್ಲ ಗೊತ್ತು, ಒಡಹುಟ್ಟಿದ ನನಗೊಬ್ಬನಿಗೆ ಗೊತ್ತಿಲ್ಲ. ಜೂನ್ ತಿಂಗಳಲ್ಲಿ ಅವಳನ್ನೂ ಕರೆದುಕೊಂಡು ಬರುವವಳು ನೀನು. ಬೀದಿಬಾಗಿಲು ಬೇಕಾದದ್ದು ಪಾಠದ ಹುಡುಗಿಯರಿಗಲ್ಲ, ಅವಳಿಗೆ. ನನ್ನಿಂದ ಮುಚ್ಚಿಟ್ಟು, ನನ್ನ ಕೈಯಲ್ಲೇ ನಕ್ಷೆ ಬರೆಸಿ, ನನ್ನ ಕೈಯಲ್ಲೇ ಲೈಸೆನ್ಸು ತರಿಸಿದೆ. ಸುಳ್ಳುಗಾರ ನಾನೊಬ್ಬನೇ ಏನು?

ರೇಣುಕಯ್ಯನವರು ಮಂಡಿಗೆ ಬಂದು ಕೂತು, "ಆ ಬಾಗ್ಲಿಂದ ಆ ಹುಡ್ಗಿ ಓಡಾಡಂಗಿದ್ರೆ ನಮ್ಮ ಮಾತು ಇಲ್ಲಿಗೇ ನಿಲ್ಲಲಿ ಬುಡಿ" ಎಂದರು. ಸರ್ವಮಂಗಳಾಳಿಗೆ ಹದಿನೇಳು ತುಂಬಿದೆ. ಈ ಮಾತು ಮುರಿದರೆ ಯಾಕೆ ಮುರಿಯಿತು ಎಂದು ನಾಲ್ಕು ತಾಲ್ಲೂಕಿಗೂ ತಿಳಿಯುತ್ತದೆ. ಮತ್ತೆ ಯಾರು ಬರುತ್ತಾರೆ? ನೀನು ಬಂದು ಹುಡುಕುತ್ತೀಯಾ?

ಬದಲಿ ನಕ್ಷೆಗೆ ಮಾರ್ಚ್ ಮೊದಲ ವಾರವೇ ಒಪ್ಪಿಗೆ ಸಿಕ್ಕಿದೆ. ಅರ್ಜಿಯಲ್ಲಿ ನಿನ್ನ ಸಹಿಯೂ ಇದೆ. ಅಧಿಕಾರವಿಲ್ಲ ಎಂದು ನನಗೆ ಪಾಠ ಹೇಳಬೇಡ.

ಪರ್ವತಯ್ಯ


ಪಾವಗಡ
೨೮ ಏಪ್ರಿಲ್ ೧೯೩೭

ಪರ್ವತಯ್ಯನಿಗೆ,

ಬಸವಮ್ಮನ ವಿಷಯದಲ್ಲಿ ನನ್ನದು ತಪ್ಪು. ನಾನು ಬರೆದದ್ದನ್ನು ಅವಳಿಗೆ ಓದಿ ಹೇಳು, ಅಕ್ಕ ತಪ್ಪಾಯಿತೆಂದು ಕ್ಷಮೆ ಕೇಳಿದ್ದಾಳೆಂದೂ ಹೇಳು. ಆಶೀರ್ವಾದ ಬರೆದಿದ್ದಾಳೆ ಎಂಬ ಸುಳ್ಳಿನ ಮರೆಯಲ್ಲಿ ನನ್ನನ್ನು ಒಳ್ಳೆಯವಳನ್ನಾಗಿ ಮಾಡುವುದು ಬೇಡ.

ಮುದ್ದಕ್ಕ ಯಾರು ಎಂದು ಕೇಳಿದೆ. ಇಲ್ಲಿಯ ಬೆಟ್ಟದ ಕೆಳಗೆ ಕಲ್ಲು ಒಡೆಯುತ್ತಿದ್ದವನ ಮಗಳು. ತಾಯಿ ಮೊದಲೇ ಇರಲಿಲ್ಲ. ಬಂಡೆ ಜಾರಿ ಅಪ್ಪನ ಮೇಲೆ ಬಿದ್ದ ಮೇಲೆ ಕೇರಿಯವರು ಹೊತ್ತಿಗೆ ಹಾಕಿದ್ದನ್ನು ತಿಂದುಕೊಂಡು ಶಾಲೆಯ ಕಿಟಕಿಯ ಹೊರಗೆ ಕೂರುತ್ತಿದ್ದಳು. ಎಂಟು ವರ್ಷ ಆಗ. ಇದ್ದಲು ಹಿಡಿದು ಚಪ್ಪಡಿಯ ಮೇಲೆ ಏನೋ ಗೀಚುತ್ತಿದ್ದಳು. ಏನೇ ಅದು ಎಂದು ಗದರಿದರೆ, "ನೇನೂ ರಾಸ್ತಾನಮ್ಮಾ" ಎಂದು ತೆಲುಗಿನಲ್ಲಿ ಹೇಳಿದಳು. ನಾನೂ ಬರೆಯುತ್ತೇನೆ ಅಂತ. ಹೋಗಿ ನೋಡಿದರೆ ಆ ದಿನ ಒಳಗೆ ನಾನು ಹಲಗೆಯ ಮೇಲೆ ಬರೆದ ಕಾಗುಣಿತವೆಲ್ಲ ಅಲ್ಲಿತ್ತು. ಒಂದೂ ತಪ್ಪಿರಲಿಲ್ಲ. ಆವತ್ತಿನಿಂದ ನನ್ನ ಮನೆಯಲ್ಲಿದ್ದಾಳೆ. ಈಗ ಹದಿನಾಲ್ಕು. ಮುಂದೆ ಓದಲು ಮಧುಗಿರಿಗೇ ಬರಬೇಕು. ಅವಳನ್ನು ಬಿಟ್ಟು ನಾನು ಬರುವುದಿಲ್ಲ. ಬಿಟ್ಟರೆ ನಾಳೆ ಬೆಳಿಗ್ಗೆ ಜಲ್ಲಿ ಹೊರಲು ಕಳಿಸುತ್ತಾರೆ.

ನಿನಗೆ ಹೇಳಲಿಲ್ಲ, ನಿಜ. ಛಾವಣಿ ಏರಲಿ, ಕೀಲಿ ಕೈಗೆ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ. ನೀನು ಬೇಡ ಎನ್ನುತ್ತೀಯೆಂದು ಹೆದರಿದೆ. ಕಟ್ಟಿದ ಮೇಲೆ ಕೆಡವಲಾರೆ ಎಂದು ಲೆಕ್ಕ ಹಾಕಿದೆ. ಅದು ಮೋಸವೇ. ಒಪ್ಪಿದೆ. ಒಪ್ಪಿದೆನೆಂದು ನನ್ನ ಕೋಪ ಇಳಿಯಿತು ಎಂದುಕೊಳ್ಳಬೇಡ.

ಯಾಕೆಂದರೆ ನಾನು ಮಾಡಿದ್ದು ಬಾಯಿ ಮುಚ್ಚಿಕೊಂಡದ್ದು. ನೀನು ಮಾಡಿದ್ದು ನನ್ನ ಬಾಯಲ್ಲಿ ಮಾತು ತುರುಕಿದ್ದು. ಆ ಬಿಳಿ ಹಾಳೆಯ ಮೇಲೆ ಏನು ಬರೆದೆ? "ನಮ್ಮಿಬ್ಬರ ಪೂರ್ಣ ಒಪ್ಪಿಗೆಯಿಂದ ಬೀದಿಬಾಗಿಲನ್ನು ಕೈಬಿಟ್ಟಿರುತ್ತೇವೆ" ಎಂದೇ? ನಿನ್ನ ಅಕ್ಷರದಲ್ಲೋ, ಬೇರೆಯವರ ಕೈಯಲ್ಲಿ ಬರೆಸಿದೆಯೋ? ಅಕ್ಷರ ಕಲಿಸಿದವಳ ಸಹಿಯನ್ನೇ ಅಡಿಗೆ ಇಟ್ಟುಕೊಂಡು ಬರೆಯಲು ಹೇಗೆ ಮನಸ್ಸು ಬಂತು? ಪಾಲಪ್ಪ ಹೇಳಿದಾಗ ಅತ್ತಿರಲಿಲ್ಲ. ಇದನ್ನು ಓದಿ ಅತ್ತೆ. ಅಳು ಮುಗಿದ ಮೇಲೆ ಅರ್ಜಿ ಬರೆಯಲು ಕೂತೆ.

ಶರಣರ ಹೆಸರು ಹೇಳಿ ಊಟಕ್ಕೆ ಕೂರುವ ಮನೆ ನಮ್ಮದು. ಎದೆಯ ಮೇಲೆ ಲಿಂಗ ಕಟ್ಟಿಕೊಂಡು ಅಂಗೈಯಲ್ಲಿಟ್ಟು ಪೂಜೆ ಮಾಡುವವನು ನೀನು. ಆ ಶರಣರ ಜೊತೆ ಪಂಕ್ತಿಯಲ್ಲಿ ಕೂತವರು ಯಾರು ಯಾರು ಎಂದು ರೇಣುಕಯ್ಯನವರು ಎಂದಾದರೂ ವಿಚಾರಿಸಿದ್ದಾರೆಯೇ? ಪಾವಗಡಕ್ಕೆ ಬಂದು ನನ್ನ ಅಡುಗೆಮನೆ ವಿಚಾರಿಸಲು ಅವರಿಗೆ ಪುರುಸೊತ್ತಿದೆ!

ಇದರ ಜೊತೆ ಒಂದು ಅರ್ಜಿಯ ನಕಲು ಇದೆ. ಮುನಿಸಿಪಾಲಿಟಿಯ ಅಧ್ಯಕ್ಷರಿಗೆ ಬರೆದದ್ದು. ಅದರಲ್ಲಿ ಇಷ್ಟೇ ಇದೆ: "ಬದಲಿ ನಕ್ಷೆಯ ಅರ್ಜಿಯಲ್ಲಿರುವ ಸಹಿ ನನ್ನದು. ಸಹಿ ಹಾಕಿದಾಗ ಹಾಳೆ ಬಿಳಿಯದಾಗಿತ್ತು. ಅದರ ಮೇಲಿನ ಮಾತು ನನ್ನದಲ್ಲ." ಇದು ಆಫೀಸಿಗೆ ಹೋದರೆ ಪೇಟೆಯಲ್ಲಿ ನಿನ್ನ ಮಾತನ್ನು ಯಾರೂ ನಂಬುವುದಿಲ್ಲ, ನನಗೆ ಗೊತ್ತು. ಎಂಟು ದಿನ ಕಾಯುತ್ತೇನೆ. ಒಂಬತ್ತನೆಯ ದಿನ ಅಂಚೆಗೆ ಹಾಕುತ್ತೇನೆ.

ಚನ್ನಮಲ್ಲಮ್ಮ


ಮಧುಗಿರಿ
೬ ಮೇ ೧೯೩೭

ಶ್ರೀಮತಿ ಚನ್ನಮಲ್ಲಮ್ಮನವರಿಗೆ,

ತಮ್ಮ ಅರ್ಜಿಯ ನಕಲು ತಲುಪಿತು. ಅಂಚೆಗೆ ಹಾಕುವ ಶ್ರಮ ಬೇಡ. ಬದಲಿ ನಕ್ಷೆಯನ್ನು ನಾನೇ ವಾಪಸು ಪಡೆದಿದ್ದೇನೆ. ಓವರ್ಸಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ರೀ ಪರ್ವತಯ್ಯ, ಅಕ್ಕ ತಮ್ಮ ಹಿಂಗೂ ಮಾಡ್ಕಂತೀರಾ?" ಎಂದರು. ಇಡೀ ಆಫೀಸು ತಲೆಯೆತ್ತಿ ನೋಡಿತು.

ಗೋಡೆ ಒಡೆಸಿ ಬೀದಿಬಾಗಿಲು ನಿಲ್ಲಿಸಲಾಗಿದೆ. ಪೂಜೆ ಮಾಡಿಲ್ಲ. ಕೀಲಿಯನ್ನು ಪಾಲಪ್ಪನ ಕೈಗೆ ಕೊಟ್ಟಿದ್ದೇನೆ, ಅವನಿಂದ ಪಡೆದುಕೊಳ್ಳಬಹುದು.

ಹಜಾರದ ಕಡೆಯ ಬಾಗಿಲಿಗೆ ಮೇಲಿನವರೆಗೆ ಇಟ್ಟಿಗೆ ಕಟ್ಟಿಸಿ ಗಾರೆ ಮಾಡಿಸಿದ್ದೇನೆ. ಅದೂ ನಕ್ಷೆಯಲ್ಲಿದೆ ಎಂಬುದು ನನಗೆ ತಿಳಿದಿದೆ. ಬೇಕಾದರೆ ಅದಕ್ಕೂ ಅರ್ಜಿ ಬರೆಯಬಹುದು. ಆ ಕೋಣೆಗೂ ನಮ್ಮ ಮನೆಗೂ ಸಂಬಂಧವಿಲ್ಲವೆಂದು ಆ ಗೋಡೆಯನ್ನು ತೋರಿಸಿದ ಮೇಲೆಯೇ ರೇಣುಕಯ್ಯನವರು ವೀಳ್ಯ ತೆಗೆದುಕೊಂಡರು. ಇದು ಕಟ್ಟುವ ದಿನವೂ ಬಸವಮ್ಮ ಅಡ್ಡ ಬಂದಳು. ನಾನು ಕೈ ಎತ್ತಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಅದೂ ತಮಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಮದುವೆ ಜೂನ್ ಮೂವತ್ತಕ್ಕೆ ನಮ್ಮ ಮನೆಯ ಮುಂದೆ. ಇದು ಕರೆಯೋಲೆಯಲ್ಲ.

ಪರ್ವತಯ್ಯ


ಮಧುಗಿರಿ, ಪೇಟೆ ಬೀದಿ
೨ ಜುಲೈ ೧೯೩೭

ಮನೆಯ ಯಜಮಾನರಾದ ಶ್ರೀ ಪರ್ವತಯ್ಯನವರಿಗೆ ಬಾಡಿಗೆಯವಳು ಬರೆದುಕೊಂಡದ್ದು.

ನಾವಿಬ್ಬರೂ ಎರಡು ಟ್ರಂಕು, ಒಂದು ಪುಸ್ತಕದ ಪೆಟ್ಟಿಗೆ ಇಳಿಸಿಕೊಂಡು ಬಂದು ಹದಿನೈದು ದಿನವಾಯಿತು. ಪಾಲಪ್ಪನೇ ಸಾಮಾನು ಹೊತ್ತು ತಂದ. ಬೀಗ ತೆಗೆಯುವಾಗ ಸಂತೋಷವಾಗುತ್ತದೆ ಎಂದು ಎಷ್ಟು ತಿಂಗಳಿಂದ ಕಾದಿದ್ದೆ. ಆಗಲಿಲ್ಲ. ಒಳಗೆ ಹೋದ ಕೂಡಲೇ ಎದುರಿಗೆ ಕಂಡದ್ದು ನೀನು ಕಟ್ಟಿಸಿದ ಗೋಡೆ. ಅದರ ಗಾರೆ ಇನ್ನೂ ಹೊಸದಾಗಿತ್ತು.

ನೀನು ಕೆಮ್ಮುವುದು ಕೇಳಿಸುತ್ತದೆ. ವ್ಯಾಪಾರಿಗಳ ಜೊತೆ ಹುಣಸೆಹಣ್ಣಿನ ದರಕ್ಕೆ ಜಗಳವಾಡುವುದು ಕೇಳಿಸುತ್ತದೆ. ಬಸವಮ್ಮ ಬೆಳಿಗ್ಗೆ ಬೀಸುಕಲ್ಲನ್ನು ಎಳೆದು ತಂದು ಆ ಗೋಡೆಗೇ ಒರಗಿ ಕೂತು ರಾಗಿ ಬೀಸುತ್ತಾಳೆ. ಒಂದು ದಿನ ನಾನು ಗೋಡೆಗೆ ಬಾಯಿಟ್ಟು, "ಬಸವಮ್ಮ, ನನ್ನದು ತಪ್ಪಾಯಿತು ಕಣೇ" ಎಂದೆ. ಬೀಸುವುದು ನಿಂತಿತು. ಆಮೇಲೆ, "ಅಯ್ಯೋ ಅಕ್ಕಯ್ಯ, ಹಿಟ್ಟು ಬಿಸಿ ಐತೆ, ಮುದ್ದಕ್ಕನ್ ಕಳ್ಸಿ, ಹಿತ್ಲಾಗೆ ಕೊಡ್ತೀನಿ" ಎಂದಳು. ಅಂದಿನಿಂದ ನಾವು ಉಣ್ಣುತ್ತಿರುವುದು ನಿನ್ನ ಮನೆಯ ರಾಗಿ. ಈಗ ಹೋಗಿ ಅವಳ ಮೇಲೆ ಕೈ ಎತ್ತು, ನೋಡುತ್ತೇನೆ. ಗೋಡೆಯಾಚೆ ಹೊಡೆತದ ಸದ್ದು ಒಂದು ಸಲ ಕೇಳಿದರೆ ಅರ್ಜಿ ಗಿರ್ಜಿ ಏನೂ ಬರೆಯುವುದಿಲ್ಲ, ಹಾರೆ ತಂದು ಈ ಕಡೆಯಿಂದ ನಾನೇ ಒಡೆಯುತ್ತೇನೆ.

ಮದುವೆಯ ದಿನ ಕದ ಹಾಕಿಕೊಂಡು ಕೂತಿದ್ದೆವು. ಚಪ್ಪರದಲ್ಲಿ ನಿನ್ನ ಬೀಗರ ನೆಂಟರೊಬ್ಬರು ಕೇಳಿದ್ದು ನನ್ನ ಕಿಟಕಿಯ ಕೆಳಗೇ. "ಆ ಬಾಗ್ಲಾಗೆ ಯಾರವ್ರೆ?" ಎಂದರು. ನೀನು ಏನಂದೆ ಎಂಬುದೂ ಕೇಳಿಸಿತು. "ಯಾರೋ ಇಸ್ಕೂಲ್ ಮೇಷ್ಟ್ರಮ್ಮ. ಬಾಡಿಗೆಗೆ ಬಿಟ್ಟಿದ್ದೀನಿ."

ಯಾರೋ! ನಿನಗೆ ಸಿಡುಬಾದಾಗ ಇಪ್ಪತ್ತೊಂದು ದಿನ ಬೇವಿನ ಸೊಪ್ಪು ಹಿಡಿದು ಕೂತವಳು ಯಾರೋ. ಈ ನೆಲದ ಅರ್ಧ ಯಾರ ಹೆಸರಿನಲ್ಲಿದೆಯೋ ಅವಳು ಯಾರೋ. ಬಾಗಿಲು ಮುಚ್ಚಿದ್ದನ್ನು, ನನ್ನ ಸಹಿ ಕದ್ದದ್ದನ್ನು ಕೂಡ ಮುಂದೊಂದು ದಿನ ಮರೆತೇನು. ಈ ಒಂದು ಮಾತನ್ನು ಮರೆಯುವುದು ನನ್ನಿಂದಾಗುವುದಿಲ್ಲ, ಪರ್ವತ.

ಮಾರನೆಯ ದಿನ ಹೆಣ್ಣು ಒಪ್ಪಿಸಿ ಕಳಿಸುವಾಗ ಏನಾಯಿತು ಎಂದು ನೀನು ಕಣ್ಣಾರೆ ಕಂಡಿದ್ದೀಯೆ. ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ಆಗ ತಲೆಯೆತ್ತಿರಲಿಲ್ಲ. ಬಸ್ಸು ಗುರುಗುಡುತ್ತಿತ್ತು. ಗಂಡಿನ ಕಡೆಯವರೆಲ್ಲ ಹತ್ತಿ ಕೂತಿದ್ದರು. ನಿನ್ನ ಮಗಳು ಮೆಟ್ಟಿಲ ಮೇಲೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದು, ಸೆರಗು ಸರಿಮಾಡಿಕೊಂಡು ನೇರವಾಗಿ ನನ್ನ ಬಾಗಿಲಿಗೆ ಬಂದಳು. ಇಡೀ ಬೀದಿಗೆ ಕೇಳುವ ಹಾಗೆ, "ಅತ್ತೇ, ಬಾಗ್ಲು ತೆಗೀರಿ. ನಿಮ್ಗೆ ಹೇಳ್ದಂಗೆ ನಾನು ಹೋಗಲ್ಲ" ಎಂದಳು. ತೆಗೆದೆ. ಹೊಸ್ತಿಲ ಮೇಲೇ ನನ್ನ ಕಾಲಿಗೆ ಬಿದ್ದಳು. ಬಾಸಿಂಗ ಕಟ್ಟಿದ ಹಣೆ, ವಿಧವೆಯ ಕಾಲು. ಯಾರೋ ಹೆಂಗಸು ಬಸ್ಸಿನೊಳಗಿಂದ ಅಯ್ಯೋ ಎಂದಳು. ಎದ್ದು ನಿಂತು ಮುದ್ದಕ್ಕನನ್ನು ನೋಡಿ, "ಅತ್ತೇನ ನೋಡ್ಕೋ ಕಣೆ" ಎಂದು ತನ್ನ ಮುಡಿಯ ಮಲ್ಲಿಗೆಯಲ್ಲಿ ಅರ್ಧ ಹರಿದು ಅವಳ ಕೈಗಿಟ್ಟಳು.

ಮದುವೆ ಮುರಿಯಲಿಲ್ಲ. ರೇಣುಕಯ್ಯನವರು ಮುಖ ಗಂಟಿಕ್ಕಿಕೊಂಡು ಗಡಿಯಾರ ನೋಡಿ, "ಬಿರ್ನೆ ಹತ್ತಮ್ಮ, ಹೊತ್ತಾಯ್ತು" ಎಂದರು, ಅಷ್ಟೇ. ಅಷ್ಟಕ್ಕಾಗಿ ನೀನು ಇಷ್ಟೆಲ್ಲ ಮಾಡಿದ್ದು. ಹದಿನೇಳು ವರ್ಷದ ಹುಡುಗಿಗೆ ಇದ್ದ ಎದೆಗಾರಿಕೆ ನಿನಗಿರಲಿಲ್ಲ. ನನಗೂ ಇರಲಿಲ್ಲ. ಇದ್ದಿದ್ದರೆ ಜನವರಿಯ ಕಾಗದದಲ್ಲೇ ಮುದ್ದಕ್ಕನ ಹೆಸರು ಬರೆಯುತ್ತಿದ್ದೆ.

ಒಳಗೋಡೆಗೆ ನಾನು ಅರ್ಜಿ ಬರೆಯುವುದಿಲ್ಲ. ಅದನ್ನು ಕಟ್ಟಿದವನು ನೀನು, ಒಡೆಯುವುದು ಬಿಡುವುದು ನಿನಗೆ ಸೇರಿದ್ದು. ಈ ಕಾಗದವನ್ನು ಮುದ್ದಕ್ಕ ಈಗ ಅಂಚೆಗೆ ಹಾಕಿಬರುತ್ತಾಳೆ. ಒಂದು ಗೋಡೆ ದಾಟಲು ಅದು ಊರೆಲ್ಲ ಸುತ್ತಿ ನಾಳೆ ನಿನ್ನ ಕೈಗೆ ಬರುತ್ತದೆ. ಲಕೋಟೆ ಒಡೆಯುವ ಸದ್ದು ನನಗೆ ಕೇಳಿಸುತ್ತದೆ. ನೀನು ಹರಿದು ಹಾಕಿದರೂ ಕೇಳಿಸುತ್ತದೆ.

ನನ್ನ ಕೋಪ ಇಳಿದಿಲ್ಲ. ಇಳಿಯುವವರೆಗೆ ಕಾಯುತ್ತೀಯಾದರೆ ಇಬ್ಬರೂ ಮುದುಕರಾಗಿ ಸಾಯುತ್ತೇವೆ. ಮನೆಯನ್ನು ಬಾಡಿಗೆಗೆ ಬಿಟ್ಟವನು ಒಂದು ಸಲವಾದರೂ ಬಂದು, ಬಾಡಿಗೆಯವರು ಹೇಗಿದ್ದಾರೆ ಎಂದು ನೋಡಿಕೊಂಡು ಹೋಗುವುದುಂಟು. ನೀನೂ ಬಾ. ಬೀದಿಯಿಂದಲೇ ಬರಬೇಕು, ಬೇರೆ ದಾರಿಯನ್ನು ನೀನೇ ಉಳಿಸಿಲ್ಲ. ನಾಲ್ಕು ಜನ ನೋಡುವ ಹೊತ್ತಿನಲ್ಲಿ ಬಂದು ಬಾಗಿಲು ತಟ್ಟು. ಬಾಗಿಲು ತೆಗೆಯಲು ನಾನು ಏಳುವುದಿಲ್ಲ, ಮುದ್ದಕ್ಕ ತೆಗೆಯುತ್ತಾಳೆ. ಅವಳು ಬನ್ನಿ ಎಂದರೆ ಒಳಗೆ ಬಾ.

ಚನ್ನಮಲ್ಲಮ್ಮ